ಸಿಗರೇಟಿಗೆ ಸುಂಕ, ಬೀಡಿಗೆ ರಿಯಾಯಿತಿ: ಆಸ್ಪತ್ರೆಗೆ ಬಂದದ್ದೆಷ್ಟು?

1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಕಂಪನಿ ಸರ್ಕಾರದ ಮೇಲಿನ ಆ ಸಿಟ್ಟಿಗೆ ಕಾರಣ ಹಲವು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನು ಕಂಪನಿ ಪೂರ್ತಿ ತನ್ನ ಕೈಯಲ್ಲಿಟ್ಟುಕೊಂಡದ್ದೂ ಅದರಲ್ಲೊಂದು. ಹಾಗಾಗಿ ಹೊಗೆಸೊಪ್ಪಿನಿಂದ ಸರ್ಕಾರ ದುಡ್ಡು ಮಾಡುವುದು ನಮ್ಮ ಊರಿಗೆ ಹೊಸದೇನಲ್ಲ. ಆದರೆ ಆಗ ಆರೋಗ್ಯದ ಮಾತೇ ಇರಲಿಲ್ಲ, ಬೊಕ್ಕಸ ತುಂಬಿದರೆ ಸಾಕಿತ್ತು. 1943ರಲ್ಲಿ, ಮಹಾಯುದ್ಧದ ನಡುವೆ, ದೇಶದ ತಂಬಾಕಿಗೆಲ್ಲ ಅಬಕಾರಿ ಸುಂಕ ಬಿದ್ದಾಗಲೂ ಅಷ್ಟೇ.

ತಂಬಾಕಿನ ದುಡ್ಡು ಔಷಧಿಗೆ ಹೋಗಬೇಕು ಎಂಬ ಯೋಚನೆ ಕರಾವಳಿಗೆ ಮೊದಲು ಬಂದದ್ದು ಬೀಡಿಯ ದಾರಿಯಲ್ಲಿ. ಇಲ್ಲಿನ ಹಳ್ಳಿಗಳಲ್ಲಿ ಬೀಡಿ ಕಟ್ಟುವುದೆಂದರೆ ಹೆಂಗಸರ ಮನೆಕೆಲಸದ ಜೊತೆಗಿನ ಇನ್ನೊಂದು ಕೆಲಸ. ನೆನೆಸಿಟ್ಟ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಬೇಕು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಹುಡಿ ತುಂಬಬೇಕು, ಸುರುಳಿ ಸುತ್ತಬೇಕು, ತುದಿ ಮಡಚಿ ನೂಲು ಬಿಗಿಯಬೇಕು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅಲ್ಲಿ ಆರಿಸುತ್ತಾರೆ, ಸರಿಯಿಲ್ಲದ್ದನ್ನು ತೆಗೆದು ಹಾಕುತ್ತಾರೆ. ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ. ಹುಡಿಯ ಘಾಟು, ಕೆಮ್ಮು, ಬೆನ್ನುನೋವಿಗೆ ಲೆಕ್ಕವೇ ಇಲ್ಲ.

1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕೇಂದ್ರದ ಕಾನೂನು ಬಂತು. ಮಾಲೀಕರು ಅದನ್ನು ಒಪ್ಪಲಿಲ್ಲ. 1968ರಲ್ಲಿ ಮಂಗಳೂರು ಗಣೇಶ್ ಬೀಡಿ ಸಂಸ್ಥೆ ಕಣ್ಣೂರಿನ ಕೆಲಸ ನಿಲ್ಲಿಸಿತು. ಕೆಲಸ ಕಳೆದುಕೊಂಡವರಿಗಾಗಿಯೇ ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾನೂನಿನ ಜಗಳ ಸುಪ್ರೀಂ ಕೋರ್ಟಿಗೂ ಹೋಗಿ, 1974ರಲ್ಲಿ ಕಾನೂನೇ ಗೆದ್ದಿತು. ಎರಡು ವರ್ಷದ ಮೇಲೆ, 1976ರಲ್ಲಿ, ಬೀಡಿಯ ಮೇಲೆ ಒಂದು ಸಣ್ಣ ಸೆಸ್ ಹಾಕಿದರು. ಆ ದುಡ್ಡು ಬೇರೆಲ್ಲೂ ಹೋಗುವಂತಿರಲಿಲ್ಲ. ಬೀಡಿ ಕಾರ್ಮಿಕರ ಚಿಕಿತ್ಸಾಲಯ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯ, ಇಷ್ಟಕ್ಕೇ ಮೀಸಲು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಬೀಡಿ ಕಾರ್ಡು ತೋರಿಸಿ ಸಿಕ್ಕಿದ ವಿದ್ಯಾರ್ಥಿವೇತನದಿಂದ ಓದಿದವರು ಈಗಲೂ ಅದನ್ನು ನೆನೆಯುತ್ತಾರೆ. ತೆರಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಜನರಿಗೆ ಕಣ್ಣಿಗೆ ಕಾಣುತ್ತಿದ್ದ ಅಪರೂಪದ ವ್ಯವಸ್ಥೆ ಅದು.

ಸಿಗರೇಟಿಗೆ ಅಂಥ ನೇರ ಸಂಬಂಧ ಬಂದದ್ದು 2005ರ ಬಜೆಟ್‌ನಲ್ಲಿ. ಆಗ ಹಣಕಾಸು ಸಚಿವರಾಗಿದ್ದ ಪಿ. ಚಿದಂಬರಂ ಸಿಗರೇಟಿನ ಸುಂಕವನ್ನು ಸುಮಾರು 10% ಏರಿಸಿದರು. ಗುಟ್ಕಾ, ಪಾನ್ ಮಸಾಲಾಕ್ಕೂ ಸರ್‌ಚಾರ್ಜ್ ಹಾಕಿದರು. ಹೀಗೆ ಬಂದ ದುಡ್ಡು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನಕ್ಕೆ ಅಂತಲೂ ಹೇಳಿದರು. ಬೀಡಿಯನ್ನು ಮಾತ್ರ ಬಿಟ್ಟರು. ಬಡವರು ಸೇದುವುದು, ಬಡವರು ಕಟ್ಟುವುದು ಎಂಬ ಕಾರಣಕ್ಕೆ ಬೀಡಿಗೆ ಹಿಂದಿನಿಂದಲೂ ಇಂಥ ರಿಯಾಯಿತಿ ಸಿಗುತ್ತಲೇ ಬಂದಿದೆ.

ಬೆಲೆ ಏರಿದರೆ ಸೇದುವುದು ನಿಜವಾಗಿ ಕಡಿಮೆಯಾಗುತ್ತದಾ? ಆಗುತ್ತದೆ. ಬೆಲೆ 10% ಏರಿದರೆ ನಮ್ಮಂಥ ದೇಶಗಳಲ್ಲಿ ಬಳಕೆ ಸುಮಾರು 5% ಇಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಾಗಿ ಬಿಡುವವರು ಹುಡುಗರು ಮತ್ತು ಕೈಯಲ್ಲಿ ದುಡ್ಡು ಕಡಿಮೆ ಇರುವವರು. ಆದರೆ ಏಟು ತಾಗುವಂತಿರಬೇಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ ಸ್ಟ್ಯಾಂಡಿನ ಹತ್ತಿರ ಯಾವುದಾದರೂ ಗೂಡಂಗಡಿ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ಪ್ಯಾಕ್ ಕೊಳ್ಳುವವರು ಕಡಿಮೆ. ಒಂದು ಸಿಗರೇಟು, ಒಂದು ಚಹಾ, ಅಷ್ಟೇ. ಬಿಡಿ ಸಿಗರೇಟು ಮಾರುವುದಕ್ಕೆ ರಾಜ್ಯದಲ್ಲಿ ನಿಷೇಧ ಇದ್ದರೂ ವ್ಯಾಪಾರ ನಡೆಯುವುದು ಹಾಗೆಯೇ. ಪ್ಯಾಕಿಗೆ ಹತ್ತು ರೂಪಾಯಿ ಜಾಸ್ತಿಯಾದರೆ ಒಂದು ಸಿಗರೇಟಿಗೆ ಬೀಳುವುದು ಒಂದು ರೂಪಾಯಿ. ಅದಕ್ಕೆ ಯಾರೂ ಚಟ ಬಿಡುವುದಿಲ್ಲ. ಉದ್ದ ಕಡಿಮೆಯಿದ್ದರೆ ಸುಂಕವೂ ಕಡಿಮೆ ಎಂಬ ನಿಯಮ ಇರುವುದರಿಂದ ಬೆಲೆ ಏರಿದಾಗ ಗಿಡ್ಡ ಸಿಗರೇಟಿಗೆ ಇಳಿಯುವ ದಾರಿಯೂ ತೆರೆದೇ ಇದೆ. ಅದಕ್ಕೂ ಕೆಳಗೆ ಬೀಡಿ ಇದೆ.

ಬೀಡಿಯ ಲೆಕ್ಕ ಸಣ್ಣದಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು 4%, ಬೀಡಿ ಸೇದುವವರು 7.7%. ಸಿಗರೇಟಿನ ಬೆಲೆಯಲ್ಲಿ ಹೆಚ್ಚುಕಡಿಮೆ ಅರ್ಧ ತೆರಿಗೆ ಇದ್ದರೆ, ಬೀಡಿಯಲ್ಲಿ ಕಾಲು ಭಾಗವೂ ಇರಲಿಲ್ಲ. 75% ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಈ ಎಲ್ಲ ಎಳೆಗಳೂ ಕಡಿದುಹೋದವು. ಸಿಗರೇಟಿಗೂ ಬೀಡಿಗೂ 28% ಅಂತಾಯಿತು. ಸಿಗರೇಟಿನ ಮೇಲೆ ಇನ್ನೊಂದು ಸೆಸ್ ಬಂತು, ಆದರೆ ಅದು ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡಲು. 2001ರಿಂದ ಇದ್ದ ಇನ್ನೊಂದು ಸುಂಕ ಉಳಿಯಿತು, ಅದು ನೆರೆ, ಬರದಂಥ ವಿಕೋಪದ ಖರ್ಚಿಗೆ. ಬೀಡಿ ಕಾರ್ಮಿಕರ ಸೆಸ್ ರದ್ದಾಯಿತು. ಅವರ ಯೋಜನೆಗಳೇನೋ ಮುಂದುವರಿದವು, ಆದರೆ ಬಜೆಟ್‌ನಲ್ಲಿ ಕೊಟ್ಟಷ್ಟಕ್ಕೆ. ಹಕ್ಕಾಗಿದ್ದದ್ದು ಅನುದಾನವಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಬೇಸರ ತರುವ ಸಂಗತಿ ಇದು.

ಆಮೇಲೆ ಸಿಗರೇಟಿನ ತೆರಿಗೆ 2020 ಮತ್ತು 2023ರ ಬಜೆಟ್‌ಗಳಲ್ಲಿ ಸ್ವಲ್ಪ ಏರಿದ್ದು ಬಿಟ್ಟರೆ ಹೆಚ್ಚು ಕದಲಲಿಲ್ಲ. ಸಂಬಳ ಏರಿತು, ಸಿಗರೇಟು ಅಗ್ಗವಾಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿತು. 2026ರ ಫೆಬ್ರವರಿ 1ರಿಂದ ಸಿಗರೇಟಿಗೆ 40% ಜಿಎಸ್‌ಟಿ, ಅದರ ಮೇಲೆ ಉದ್ದ ನೋಡಿ ಸಾವಿರಕ್ಕೆ 2,050ರಿಂದ 8,500 ರೂಪಾಯಿವರೆಗೆ ಅಬಕಾರಿ ಸುಂಕ. ಇದು ತಾಗುವ ಏಟು. ಕಳ್ಳಮಾಲು ಜಾಸ್ತಿಯಾಗುತ್ತದೆ ಎಂಬ ಕಂಪನಿಗಳ ಮಾತು ಪೂರ್ತಿ ಸುಳ್ಳಲ್ಲ. ಮಂಗಳೂರು ವಿಮಾನ ನಿಲ್ದಾಣದಲ್ಲಿ ವಿದೇಶಿ ಸಿಗರೇಟು ಸಿಕ್ಕಿಬಿದ್ದ ಸುದ್ದಿಯನ್ನು ನಾವು ಎಷ್ಟೋ ಸಲ ಓದಿದ್ದೇವೆ. ಅದಕ್ಕೆ ತಪಾಸಣೆ ಬಿಗಿ ಮಾಡಬೇಕು, ಸುಂಕ ಇಳಿಸುವುದಲ್ಲ.

ಬೀಡಿಗೆ ಏನಾಯಿತು? 28% ಇದ್ದದ್ದು 18%ಕ್ಕೆ ಇಳಿಯಿತು.

ಈ ರಿಯಾಯಿತಿ ಬೀಡಿ ಕಟ್ಟುವವರ ಹೆಸರಿನಲ್ಲಿ ಸಿಗುತ್ತದೆ, ಅವರ ಕೈಗೆ ಬರುವುದಿಲ್ಲ. ತುಟ್ಟಿಭತ್ಯೆ ಬಾಕಿಗಾಗಿ ಅವರು ಮಂಗಳೂರಿನಲ್ಲಿ ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿದೆ. ಫಿಲಿಪ್ಪೀನ್ಸ್ 2012ರಲ್ಲಿ ತಂಬಾಕು ಮತ್ತು ಮದ್ಯದ ತೆರಿಗೆ ಏರಿಸಿದಾಗ, ಹೆಚ್ಚಿಗೆ ಬಂದ ದುಡ್ಡಿನ ದೊಡ್ಡ ಪಾಲು ಬಡವರ ಆರೋಗ್ಯ ವಿಮೆಗೆ, ಒಂದು ಪಾಲು ತಂಬಾಕು ಬೆಳೆಯುವ ಪ್ರಾಂತ್ಯಗಳಿಗೆ ಅಂತ ಕಾನೂನಿನಲ್ಲೇ ಬರೆದಿಟ್ಟಿತು. ನಾವೂ ಹಾಗೆ ಬರೆಯಬಹುದು. ಸೆಸ್ ಆದರೆ ಕೇಂದ್ರ ಅದನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ; ಹೊಸ ಅಬಕಾರಿ ಸುಂಕ ಸೆಸ್ ಅಲ್ಲ, ಹಾಗಾಗಿ ಅದರ 41% ರಾಜ್ಯಗಳ ಪಾಲಿಗೆ ಬರುತ್ತದೆ. ಕರ್ನಾಟಕಕ್ಕೆ ಸಿಗುವುದರಲ್ಲಿ ಒಂದು ಭಾಗವನ್ನು ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನಂಥ ಜಿಲ್ಲಾ ಆಸ್ಪತ್ರೆಗಳಿಗೆ ಮೀಸಲಿಡಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಬೀಡಿಗೂ ಸುಂಕ ಏರಲಿ, ಆ ದುಡ್ಡು 1976ರ ಹಾಗೆ ಕಟ್ಟುವವರ ಹೆಸರಿಗೇ ಬರೆದಿರಲಿ. ಬಾಯಿ ಕ್ಯಾನ್ಸರ್, ಶ್ವಾಸಕೋಶದ ತಪಾಸಣೆ ಬೀಡಿ ಬ್ರಾಂಚುಗಳಿಂದಲೇ ಶುರುವಾಗಲಿ. ಎಲೆ, ಹುಡಿ ಒಯ್ಯಲು ಬರುವ ಹೆಂಗಸರು ಅಲ್ಲೇ ಸಿಗುತ್ತಾರೆ.