ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರೆ ಸಾಕು, ಅದು ಕಾನೂನಾಗುತ್ತಾ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಕ್ಯಾಮೆರಾ ಮುಂದೆ ದಪ್ಪ ಪೆನ್ನಿನಲ್ಲಿ ಸಹಿ ಹಾಕಿ, ಫೈಲ್ ಎತ್ತಿ ತೋರಿಸುವುದನ್ನು ಟಿವಿಯಲ್ಲಿ ನೋಡುತ್ತಿರುತ್ತೇವೆ. ಅಷ್ಟಕ್ಕೇ ಅದು ಕಾನೂನಾಗಿಬಿಡುತ್ತಾ? ನಮ್ಮಲ್ಲಿನ ಸುಗ್ರೀವಾಜ್ಞೆ ಇದ್ದ ಹಾಗೇನಾ?

ಉತ್ತರ: ಇಲ್ಲ. ಅಧ್ಯಕ್ಷರು ಹಾಗೆ ಸಹಿ ಹಾಕಿ ಹೊರಡಿಸುವ ಆದೇಶಕ್ಕೆ 'ಎಕ್ಸಿಕ್ಯುಟಿವ್ ಆರ್ಡರ್' ಅನ್ನುತ್ತಾರೆ. ಸುಗ್ರೀವಾಜ್ಞೆಗೂ ಇದಕ್ಕೂ ತುಂಬ ವ್ಯತ್ಯಾಸ ಇದೆ. ಈ ಗೊಂದಲ ಎಷ್ಟೋ ಜನರಿಗಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂಸತ್ತಿನ ಅಧಿವೇಶನ ಇಲ್ಲದಾಗ ಸುಗ್ರೀವಾಜ್ಞೆ ಹೊರಡಿಸಲು ನಮ್ಮ ಸಂವಿಧಾನದ 123ನೇ ವಿಧಿ ರಾಷ್ಟ್ರಪತಿಗೆ ಅಧಿಕಾರ ಕೊಟ್ಟಿದೆ. ಅದಕ್ಕೆ ಕಾಯ್ದೆಯಷ್ಟೇ ಬಲ. ಸಂಸತ್ತು ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಒಪ್ಪದಿದ್ದರೆ ಅದು ಬಿದ್ದುಹೋಗುತ್ತದೆ. ಅಮೆರಿಕದ ಸಂವಿಧಾನದಲ್ಲಿ ಇಂಥ ವಿಧಿಯೇ ಇಲ್ಲ. 'ಎಕ್ಸಿಕ್ಯುಟಿವ್ ಆರ್ಡರ್' ಅನ್ನುವ ಮಾತು ಕೂಡ ಅದರಲ್ಲಿ ಎಲ್ಲೂ ಬರುವುದಿಲ್ಲ. ಕಾರ್ಯಾಂಗದ ಅಧಿಕಾರ ಅಧ್ಯಕ್ಷರದು, ಕಾನೂನುಗಳು ಸರಿಯಾಗಿ ಜಾರಿಯಾಗುವಂತೆ ಅವರು ನೋಡಿಕೊಳ್ಳಬೇಕು ಎಂದಷ್ಟೇ ಅಲ್ಲಿ ಬರೆದಿದೆ.

ಹೋಲಿಸಲೇಬೇಕು ಅಂದರೆ ಈ ಆರ್ಡರ್ ನಮ್ಮ ಸರ್ಕಾರಿ ಆದೇಶಕ್ಕೆ, ಅಂದರೆ ಜಿಒಗೆ ಹತ್ತಿರ. ತನ್ನ ಕೈಕೆಳಗಿನ ಇಲಾಖೆಗಳಿಗೆ 'ಹೀಗೆ ಮಾಡಿ' ಎಂದು ಹೇಳುವ ಕಾಗದ. ಅದರ ಮೊದಲ ಸಾಲು ನೋಡಿ. 'ಸಂವಿಧಾನ ಮತ್ತು ಅಮೆರಿಕದ ಕಾನೂನುಗಳು ನನಗೆ ಕೊಟ್ಟಿರುವ ಅಧಿಕಾರದಿಂದ' ಎಂಬರ್ಥದ ಮಾತಿನಿಂದ ಶುರುವಾಗುತ್ತದೆ. ಅದರ ಜೊತೆಗೇ ಎಷ್ಟೋ ಸಲ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತಲೂ ಬರೆದಿರುತ್ತಾರೆ. ಟಿವಿಯಲ್ಲಿ ಯಾರೂ ಓದಿ ಹೇಳದ ಆ ಸಾಲಿನಲ್ಲೇ ಇಡೀ ವಿಷಯ ಇರುವುದು. ಆದೇಶಕ್ಕೆ ಸ್ವಂತ ಬಲ ಇಲ್ಲ. ಸಂವಿಧಾನದಿಂದಲೋ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮಾಡಿದ ಕಾಯ್ದೆಯಿಂದಲೋ ಅದು ಬಲ ಪಡೆಯಬೇಕು.

ಆಸರೆ ಇಲ್ಲದೆ ಆದೇಶ ಹೊರಡಿಸಿದರೆ ಏನಾಗುತ್ತದೆ? 1952ರಲ್ಲಿ ಆಗಿನ ಅಧ್ಯಕ್ಷ ಹ್ಯಾರಿ ಟ್ರೂಮನ್ ಇದನ್ನು ಕಂಡರು.

ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಸಂಬಳ ಹೆಚ್ಚಿಸಿ ಎಂದು ಪಟ್ಟು ಹಿಡಿದಿದ್ದರು. ಉಕ್ಕಿನ ಬೆಲೆ ಏರಿಸಲು ಬಿಡದೆ ಸಂಬಳ ಏರಿಸಲ್ಲ ಎಂದು ಮಾಲೀಕರು ಕೂತಿದ್ದರು. ಇನ್ನೇನು ಮುಷ್ಕರ ಶುರುವಾಗಬೇಕು, ಏಪ್ರಿಲ್ 8ರ ರಾತ್ರಿ ಟ್ರೂಮನ್ ರೇಡಿಯೋ, ಟಿವಿಯಲ್ಲಿ ಮಾತಾಡಿ, ದೇಶದ ಬಹುತೇಕ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತಿದೆ ಎಂದರು. ವಾಣಿಜ್ಯ ಸಚಿವ ಚಾರ್ಲ್ಸ್ ಸಾಯರ್ ಕೈಗೆ ಜವಾಬ್ದಾರಿ ಹೋಯಿತು. ಕಂಪನಿಗಳ ಮುಖ್ಯಸ್ಥರು ಅದೇ ಕುರ್ಚಿಯಲ್ಲಿದ್ದರು, ಆದರೆ ಈಗ ಸರ್ಕಾರದ ಪರವಾಗಿ.

ಉಕ್ಕು ನಿಂತರೆ ಯುದ್ಧದಲ್ಲಿರುವ ಸೈನಿಕರಿಗೆ ತೊಂದರೆ ಅನ್ನುವುದು ಟ್ರೂಮನ್ ವಾದ. ಅದು ಸುಮ್ನೆ ಹೇಳಿದ ಮಾತು ಅಂತ ನನಗೆ ಅನಿಸುವುದಿಲ್ಲ. ಆದರೆ ಹೀಗೆ ಕಾರ್ಖಾನೆ ವಶಪಡಿಸಿಕೊಳ್ಳಲು ಯಾವ ಕಾಯ್ದೆಯೂ ಅವರಿಗೆ ಅಧಿಕಾರ ಕೊಟ್ಟಿರಲಿಲ್ಲ. 1947ರಲ್ಲಿ ಕಾರ್ಮಿಕ ಕಾಯ್ದೆ ಮಾಡುವಾಗ ಅಂಥ ಅಧಿಕಾರ ಸೇರಿಸುವ ಮಾತು ಬಂದಿತ್ತು. ಕಾಂಗ್ರೆಸ್ ಬೇಡ ಎಂದಿತ್ತು.

ಮಾಲೀಕರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನಲ್ಲಿದ್ದ ಒಂಬತ್ತೂ ನ್ಯಾಯಮೂರ್ತಿಗಳನ್ನು ನೇಮಿಸಿದ್ದು ಹಿಂದಿನ ಅಧ್ಯಕ್ಷ ರೂಸ್‌ವೆಲ್ಟ್ ಅಥವಾ ಟ್ರೂಮನ್, ಇಬ್ಬರೂ ಡೆಮಾಕ್ರಟಿಕ್ ಪಕ್ಷದವರೇ. ಆದರೂ ಜೂನ್ 2ರಂದು 6–3ರ ತೀರ್ಪು ಟ್ರೂಮನ್ ವಿರುದ್ಧ ಬಂತು. ವಿರುದ್ಧ ನಿಂತ ಆರು ಜನರಲ್ಲಿ ಟಾಮ್ ಕ್ಲಾರ್ಕ್ ಒಬ್ಬರು. ಅವರು ಟ್ರೂಮನ್ ಸರ್ಕಾರದಲ್ಲೇ ಅಟಾರ್ನಿ ಜನರಲ್ ಆಗಿದ್ದವರು! ಟ್ರೂಮನ್ ತಡಮಾಡದೆ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು. ಅದರ ಬೆನ್ನಿಗೇ ಐದು ಲಕ್ಷಕ್ಕೂ ಜಾಸ್ತಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಯುದ್ಧದ ಮಧ್ಯೆ ಒಬ್ಬ ಅಧ್ಯಕ್ಷ ಸೋತು, ಸೋಲನ್ನು ಒಪ್ಪಿ ನಡೆದುಕೊಂಡದ್ದು ಸಣ್ಣ ವಿಷಯ ಅಲ್ಲ. ನನಗೆ ಟ್ರೂಮನ್ ಬಗ್ಗೆ ಗೌರವ ಹೆಚ್ಚಿದ್ದೇ ಈ ಕಾರಣಕ್ಕೆ.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ಮಾತನ್ನು ಅಲ್ಲಿನ ಕೋರ್ಟುಗಳು ಇವತ್ತಿಗೂ ಅಳತೆಗೋಲಾಗಿ ಬಳಸುತ್ತವೆ. ಕಾಂಗ್ರೆಸ್ ಜೊತೆಗಿದ್ದರೆ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದಿದ್ದರೆ ಅದು ಮಬ್ಬು ಜಾಗ. ಕಾಂಗ್ರೆಸ್ ಇಷ್ಟಕ್ಕೆ ವಿರುದ್ಧ ಹೋದರೆ ಬಲ ಅತಿ ಕಡಿಮೆ.

ಹಾಗಾದರೆ ಕಾಂಗ್ರೆಸ್ ಜೊತೆಗಿದ್ದರೆ ಎಲ್ಲವೂ ಸರಿಯಾ? ಅದೂ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಹೊರಡಿಸಿದ 9066ನೇ ಆದೇಶದಿಂದಾಗಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿದರು. ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಅಮೆರಿಕದ ಪ್ರಜೆಗಳೇ. ಕಾಂಗ್ರೆಸ್ ಅದಕ್ಕೆ ಬೆಂಬಲವಾಗಿ ಕಾಯ್ದೆ ಮಾಡಿತು. 1944ರಲ್ಲಿ ಸುಪ್ರೀಂ ಕೋರ್ಟೂ ತಡೆಯಲಿಲ್ಲ. ಸರ್ಕಾರ ಕಾಯ್ದೆ ಮೂಲಕ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಘೋಷಿಸುವ ಹೊತ್ತಿಗೆ 1988 ಬಂದಿತ್ತು. ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು.

ಈಗ ನಮಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಉಕ್ಕಿನ ಕೇಸ್ ಸೋತ ಅದೇ ತಿಂಗಳು, ಜೂನ್ 27ರಂದು, ಟ್ರೂಮನ್ ವೀಟೋ ಮಾಡಿದ್ದ ವಲಸೆ ಕಾಯ್ದೆಯೊಂದನ್ನು ಕಾಂಗ್ರೆಸ್ ಆ ವೀಟೋ ಮೀರಿ ಪಾಸು ಮಾಡಿತು. ಅದರ ಸೆಕ್ಷನ್ 212(ಎಫ್) ಪ್ರಕಾರ, ಹೊರದೇಶದವರು ಒಳಗೆ ಬರುವುದು ದೇಶದ ಹಿತಕ್ಕೆ ಧಕ್ಕೆ ಎಂದು ಅಧ್ಯಕ್ಷರಿಗೆ ಕಂಡರೆ ಅದನ್ನು ತಡೆಯಬಹುದು. ಕೆಲವು ದೇಶಗಳ ಜನರ ಮೇಲೆ ಟ್ರಂಪ್ ಹೇರಿದ ಪ್ರವೇಶ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಎತ್ತಿಹಿಡಿದದ್ದು ಇದೇ ಸೆಕ್ಷನ್ ಮೇಲೆ.

2025ರ ಸೆಪ್ಟೆಂಬರ್ 19ರ ಟ್ರಂಪ್ ಘೋಷಣೆ ನೆನಪಿದೆ ಅಲ್ವಾ? ಹೊರದೇಶದ ಪರಿಣತರು ಅಮೆರಿಕದಲ್ಲಿ ಕೆಲಸ ಮಾಡಲು ಪಡೆಯುವ ಎಚ್-1ಬಿ ವೀಸಾಗೆ 1,00,000 ಡಾಲರ್ ಎಂದು ಕೇಳಿ, ರಜೆಗೆ ಊರಿಗೆ ಬಂದವರೆಲ್ಲ ಟಿಕೆಟ್‌ಗೆ ಪರದಾಡಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬಂದದ್ದು ಮಾರನೇ ದಿನ. ಆ ಘೋಷಣೆಯ ಆಸರೆಯೂ 1952ರ ಅದೇ ಸೆಕ್ಷನ್. ಜನರ ಪ್ರವೇಶ ತಡೆಯಲು ಕೊಟ್ಟ ಅಧಿಕಾರದಿಂದ ಇಷ್ಟು ದೊಡ್ಡ ಶುಲ್ಕ ಹಾಕಬಹುದೇ ಎಂದು ಕೇಳಿ ಹಲವರು ಕೋರ್ಟ್ ಮೆಟ್ಟಿಲೇರಿದರು.

ಆದರೆ ಒಂದು ಸಂಖ್ಯೆಯನ್ನು ಆ ಘೋಷಣೆ ಮುಟ್ಟಲಿಲ್ಲ. ವರ್ಷಕ್ಕೆ 65,000 ಎಚ್-1ಬಿ ವೀಸಾ, ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದವರಿಗೆ ಇನ್ನೂ 20,000. ಅದು ಕಾಂಗ್ರೆಸ್ ಮಾಡಿದ ಕಾಯ್ದೆಯಲ್ಲಿದೆ. ಅದನ್ನು ಬದಲಿಸಲು ಕಾಂಗ್ರೆಸ್ಸೇ ಮತ ಹಾಕಬೇಕು.