ಹೆಬ್ಬೆಟ್ಟು ಒತ್ತುವ ಮುಂಚೆ

ರೋಗಿಗಳ ಮೇಲೆ ನಡೆಯುವ ಸಂಶೋಧನೆ ಸರಿಯಿದೆಯಾ ಅಂತ ನೋಡಿ ಅನುಮತಿ ಕೊಡುವ ನಮ್ಮ ಎಥಿಕ್ಸ್ ಕಮಿಟಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಟೀಚರ್ ಅಂತಲೇ ಕರೆಯುವುದು. ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಟ್ರಯಲ್ ಒಂದರ ಕನ್ನಡ ಕನ್ಸೆಂಟ್ ಫಾರ್ಮನ್ನು, ಅಂದರೆ ಒಪ್ಪಿಗೆ ಪತ್ರವನ್ನು, ಅವರು ಜೋರಾಗಿ ಓದಿದರು: 'ತಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.' ಆಮೇಲೆ ಕನ್ನಡಕ ತೆಗೆದು, "ಸರ್, ಇಷ್ಟು ವರ್ಷ ಕನ್ನಡ ಹೇಳಿಕೊಟ್ಟಿದ್ದೀನಿ. ನನಗೇ ಇದು ಅರ್ಥ ಆಗಲಿಲ್ಲ" ಅಂದರು.

ಅವತ್ತು ಆ ಸಾಲನ್ನು ಅವರೇ ಬದಲಾಯಿಸಿದರು: 'ನಿಮಗೆ ಹೊಸ ಔಷಧಿಯೋ ಈಗಿರುವ ಔಷಧಿಯೋ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಡಾಕ್ಟರೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ.'

ಡಾಕ್ಟರಲ್ಲದ ಇವರು ಕಮಿಟಿಯಲ್ಲಿ ಯಾಕೆ ಅಂತ ಜನ ಕೇಳುತ್ತಾರೆ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳೇ ಹಾಗೆ ಹೇಳುತ್ತವೆ. ಕಮಿಟಿಯಲ್ಲಿ ಕಡಿಮೆ ಅಂದರೂ 7 ಜನ ಇರಬೇಕು. ಅವರಲ್ಲಿ ಒಬ್ಬರಾದರೂ ಜನಸಾಮಾನ್ಯರು, ಒಬ್ಬರಾದರೂ ಹೆಂಗಸರು. ಅರ್ಧದಷ್ಟಾದರೂ ಸದಸ್ಯರು ಆ ಸಂಸ್ಥೆಗೆ ಸೇರದವರು, ಅಧ್ಯಕ್ಷರೂ ಹೊರಗಿನವರೇ. ಸಂಶೋಧನೆ ಮಾಡುವ ಡಾಕ್ಟರು ಕೆಟ್ಟವರು ಅಂತಲ್ಲ. ತನ್ನ ಕೆಲಸದ ಮೇಲೆ ಆಸೆ ಇಟ್ಟುಕೊಂಡವರಿಗೆ ಅದರ ಅಪಾಯ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ನಾನೂ ಟ್ರಯಲ್ ಮಾಡಿದವನು, ನನಗೆ ಗೊತ್ತು.

ಕಾಗದದಲ್ಲಿ ಒಪ್ಪಿಗೆ ಇದ್ದು, ಜನರ ಒಪ್ಪಿಗೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಖಮ್ಮಂ ಇದೆ. 2009ರಲ್ಲಿ ಆಗಿನ ಆಂಧ್ರದ ಆ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆಯಿತು. 2010ರ ಏಪ್ರಿಲ್‌ನಲ್ಲಿ ನಿಂತಿತು. ಲಸಿಕೆ ಒಳ್ಳೆಯದೇ, ಅಲ್ಲಿ ಲಸಿಕೆ ಹಾಕಿಸಿಕೊಂಡ ಕೆಲವು ಹುಡುಗಿಯರು ತೀರಿಕೊಂಡಿದ್ದಕ್ಕೆ ಅದೇ ಕಾರಣ ಅಂತ ತನಿಖೆಯಲ್ಲೂ ಸಾಬೀತಾಗಲಿಲ್ಲ. ಆದರೆ ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕ ಇದೆ. 9,543 ಒಪ್ಪಿಗೆ ಫಾರ್ಮುಗಳಲ್ಲಿ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ಇನ್ನು 1,948ರಲ್ಲಿ ಇದ್ದದ್ದು ಹೆಬ್ಬೆಟ್ಟು. ಮಗಳಿಗೆ ಸೂಜಿ ಚುಚ್ಚುವುದು ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತಿತ್ತೋ!

ಈಗಿನ ನಿಯಮದ ಪ್ರಕಾರ, ರೋಗಿ ಓದು ಬಾರದವರಾದರೆ, ಟ್ರಯಲ್‌ಗೆ ಸಂಬಂಧವೇ ಇಲ್ಲದ ಸಾಕ್ಷಿಯೊಬ್ಬರು ವಿವರಣೆ ಮುಗಿಯುವವರೆಗೂ ಕೂತಿರಬೇಕು. ಫಾರ್ಮಿನ ಒಂದು ಪ್ರತಿ ರೋಗಿಯ ಕೈಗೆ ಹೋಗಬೇಕು. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಕಮಿಟಿಗೆ ತಿಳಿಸಬೇಕು, ಚಿಕಿತ್ಸೆಗೆ ರೋಗಿ ದುಡ್ಡು ಕೊಡುವಂತಿಲ್ಲ. ಟ್ರಯಲ್‌ನಿಂದಲೇ ಪೆಟ್ಟಾದರೆ ಪರಿಹಾರವೂ ಸಿಗಬೇಕು. ಇವೆಲ್ಲ ನಿಮ್ಮ ಹಕ್ಕು, ಕೇಳೋಕೆ ಸಂಕೋಚ ಬೇಡ.

ಕಮಿಟಿಗಳು ಸೋಲುವುದು ಜಾಸ್ತಿ ಅನುಮತಿ ಕೊಟ್ಟ ಮೇಲೆ. ಫೈಲ್ ಓದುತ್ತೇವೆ, ವಾರ್ಡಿಗೆ ಹೋಗುವುದಿಲ್ಲ. ಒಮ್ಮೆ ಟೀಚರ್ ಹಟ ಮಾಡಿ ನನ್ನನ್ನೂ ಕರೆದುಕೊಂಡು ಹೋದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದ ರೈತರೊಬ್ಬರು ಮಲಗಿದ್ದರು. ಪಕ್ಕದಲ್ಲಿ ಹೆಂಡತಿ. ಫಾರ್ಮಿನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಯಜಮಾನ್ರೇ, ಇದರಲ್ಲಿ ಏನಿದೆ?" ಅಂತ ಟೀಚರ್ ಕೇಳಿದರು.

"ಡಾಕ್ಟ್ರು ಹಾಕಿ ಅಂದ್ರು, ಹಾಕಿದೆ ಕಣಮ್ಮ."

ಸಂಶೋಧಕರನ್ನು ಕರೆಸಿದೆವು. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಮೊದಲಿನಿಂದ ಹೇಳಿದರು. ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲ ಕೇಳಿಸಿಕೊಂಡ ಹೆಂಡತಿ ಮೆಲ್ಲಗೆ ಒಂದೇ ಮಾತು ಕೇಳಿದರು: "ಬ್ಯಾಡ ಅಂದ್ರೆ ಈ ಬೆಡ್ ಬಿಡಬೇಕಾ ಸಾರ್?"

ಬಿಡಬೇಕಾಗಿಲ್ಲ, ಚಿಕಿತ್ಸೆ ಹೀಗೇ ನಡೆಯುತ್ತದೆ ಅಂದೆವು. ಆಕೆ ಗಂಡನ ಮುಖ ನೋಡಿದರು. ಭಾನುವಾರ ಮಗ ಬರುತ್ತಾನೆ, ಅವನ ಹತ್ತಿರ ಮಾತಾಡಿ ಹೇಳುತ್ತೇವೆ ಅಂದರು. ಸರಿ, ಅಲ್ಲಿವರೆಗೂ ಕಾಯೋಣ ಅಂದರು ಟೀಚರ್.