ಎಡಿಟಿಂಗ್‌ನಲ್ಲಿ ಕಾಣುವ ದೋಷ, ಲೈಟಿನಲ್ಲಿರುವ ಕಾರಣ: ಪೋರ್ಟ್ರೇಟ್ ಕಲಿಯುವವರಿಗೆ ಟಿಪ್ಪಣಿ

ಒಂದು ಸ್ಪೀಡ್‌ಲೈಟ್ (ಸಣ್ಣ ಫ್ಲ್ಯಾಶ್), ಅದರ ಬೆಳಕನ್ನು ಹರಡಿ ಮೃದು ಮಾಡುವ ಒಂದು ಸಾಫ್ಟ್‌ಬಾಕ್ಸ್, ಮನೆಯಲ್ಲೊಂದು ಖಾಲಿ ಕೋಣೆ. ಇಷ್ಟನ್ನೇ ಇಟ್ಟುಕೊಂಡು ಪೋರ್ಟ್ರೇಟ್ ಕಲಿಯುತ್ತಿರುವವರಿಗಾಗಿ ಬರೆದಿದ್ದು ಇದು. ಎಡಿಟಿಂಗ್‌ಗೆ ಕೂತಾಗ ನಿಮ್ಮ ಕೈ ಪದೇ ಪದೇ ಯಾವ ಸ್ಲೈಡರ್‌ಗೆ ಹೋಗುತ್ತದೆ ಅಂತ ಗಮನಿಸಿ. ಎಲ್ಲ ಫೋಟೋಗೂ ಒಂದೇ ರಿಪೇರಿ ಬೇಕಾಗುತ್ತಿದ್ದರೆ ಅದರ ಮೂಲ ಸಾಮಾನ್ಯವಾಗಿ ಲೈಟ್ ಸ್ಟ್ಯಾಂಡ್ ನಿಂತ ಜಾಗದಲ್ಲೇ ಇರುತ್ತದೆ. ಹಾಗಾಗಿ ದೋಷದಿಂದ ಶುರುಮಾಡಿ ಲೈಟಿನ ಕಡೆಗೆ ಹೋಗೋಣ.

ಮೂಗಿನ ನೆರಳು ಗೆರೆ ಎಳೆದಂತಿದೆ

ಶ್ಯಾಡೋಸ್ ಸ್ಲೈಡರ್ ಎತ್ತಿದರೆ ನೆರಳಿನ ಕಪ್ಪು ತಿಳಿಯಾಗುತ್ತದೆ, ಅಂಚು ಮಾತ್ರ ಹಾಗೇ ಉಳಿಯುತ್ತದೆ. ಕೂತವರ ಮುಖದಿಂದ ನೋಡಿದರೆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮೃದು. 60 ಸೆಂ.ಮೀ. ಸಾಫ್ಟ್‌ಬಾಕ್ಸ್ ಎರಡಡಿಯಲ್ಲಿದ್ದರೆ ಕಿಟಕಿಯಿದ್ದ ಹಾಗೆ, ಎಂಟಡಿ ಆಚೆ ಹೋದರೆ ಬರೀ ಬಲ್ಬಿದ್ದ ಹಾಗೆ. ಫ್ರೇಮಿನೊಳಗೆ ಬರದಷ್ಟು ಮಾತ್ರ ದೂರ ಬಿಟ್ಟು, ಆದಷ್ಟು ಹತ್ತಿರ ತನ್ನಿ. ಹೊಸಬರು ಅದನ್ನು ಗೋಡೆಯ ಮೂಲೆಗೆ ತಳ್ಳುವುದೇ ಹೆಚ್ಚು.

ಬಿಳಿ ಗೋಡೆ ಬೂದಿ ಬಣ್ಣಕ್ಕೆ ತಿರುಗಿದೆ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಬೆಳಕು ಅರ್ಧಕ್ಕಿಳಿದರೆ ಅದು ಒಂದು ಸ್ಟಾಪ್ ಇಳಿತ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ, ಅಂದರೆ 2 ಸ್ಟಾಪ್ ಇಳಿಯುತ್ತದೆ. ಲೈಟ್ ಮುಖಕ್ಕೆ 2 ಅಡಿ, ಗೋಡೆ ಮುಖದಿಂದ 4 ಅಡಿ ಹಿಂದೆ ಅಂದುಕೊಳ್ಳಿ. ಲೈಟಿನಿಂದ ಗೋಡೆಗೆ 6 ಅಡಿ, ಮೂರು ಪಟ್ಟು ದೂರ. ಗೋಡೆಗೆ ಸಿಗುವುದು ಮುಖಕ್ಕೆ ಬಿದ್ದ ಬೆಳಕಿನ ಒಂಬತ್ತನೇ ಒಂದು ಭಾಗ, 3 ಸ್ಟಾಪಿಗಿಂತ ತುಸು ಹೆಚ್ಚೇ ಕಡಿಮೆ. ಸುಣ್ಣ ಹೊಡೆದ ಗೋಡೆಯೂ ಕಡು ಬೂದಿಯಾಗುತ್ತದೆ. ಅದೇ ಲೈಟನ್ನು 6 ಅಡಿಗೆ ಒಯ್ದರೆ ಗೋಡೆಗೆ 10 ಅಡಿ, ವ್ಯತ್ಯಾಸ ಸುಮಾರು ಒಂದೂವರೆ ಸ್ಟಾಪ್ ಮಾತ್ರ. ಕಪ್ಪು ಬ್ಯಾಕ್‌ಡ್ರಾಪ್ ಇಲ್ಲದವರಿಗೆ ಇದು ವರ: ಲೈಟ್ ಹತ್ತಿರ, ಗೋಡೆ ದೂರ, ಅಷ್ಟೇ.

ಈ ಲೆಕ್ಕ ಮುಖದ ಮೇಲೂ ನಡೆಯುತ್ತದೆ. ಹತ್ತಿರದ ಕೆನ್ನೆಗೂ ಆಚೆಯ ಕಿವಿಗೂ ಅರ್ಧ ಅಡಿ ಅಂತರವಿದೆ ಅನ್ನಿ. 2 ಅಡಿಯ ಲೈಟಿಗೆ ಅದು ಅರ್ಧ ಸ್ಟಾಪಿಗಿಂತ ತುಸು ಹೆಚ್ಚಿನ ಇಳಿತ, 6 ಅಡಿಯ ಲೈಟಿಗೆ ಕಾಲು ಸ್ಟಾಪ್ ಕೂಡ ಇಲ್ಲ. ಮುಖಕ್ಕೆ ಉಬ್ಬುತಗ್ಗು ಬೇಕಾದರೆ ಹತ್ತಿರ, ಮೂವರನ್ನು ಸಾಲಾಗಿ ನಿಲ್ಲಿಸಿದ್ದರೆ ದೂರ.

ಕಣ್ಣು ಗುಳಿ ಬಿದ್ದಂತೆ, ಜೀವವಿಲ್ಲದಂತೆ

ಲೈಟ್ ತೀರಾ ಮೇಲಿದೆ. ಕಣ್ಣಿನೊಳಗೆ ದೀಪದ ಚುಕ್ಕೆ, ಅಂದರೆ ಕ್ಯಾಚ್‌ಲೈಟ್, ಗಡಿಯಾರದ ಹತ್ತು ಅಥವಾ ಎರಡು ಗಂಟೆಯ ಜಾಗದಲ್ಲಿ ಕಾಣುವವರೆಗೆ ಸ್ಟ್ಯಾಂಡ್ ಇಳಿಸಿ. ಗಲ್ಲದ ಕೆಳಗಿನ ಕಪ್ಪಿಗೆ, ಬೆಳಕನ್ನು ಮೇಲಕ್ಕೆ ತಿರುಗಿಸಲು ತೊಡೆಯ ಮೇಲೊಂದು ಥರ್ಮಾಕೋಲ್ ಶೀಟ್ ಸಾಕು. ಕನ್ನಡಕ ಇದ್ದವರಿಗೆ ಈ ಮಾತು ಉಲ್ಟಾ: ಲೈಟ್ ಮೇಲೆ ಏರಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಕೂದಲೆಳೆಯಷ್ಟು ಎತ್ತಿ, ಪ್ರತಿಫಲನ ಕೆಳಕ್ಕೆ ಜಾರುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುತ್ತೇನೆ ಅಂತ ಬಿಟ್ಟವರು ಕಣ್ಣನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.

ಮುಖ ಒಂದು ಕಡೆ ಹಸಿರು

ಟ್ಯೂಬ್‌ಲೈಟ್ ಆರಿಸಿಲ್ಲ, ಅಥವಾ ಪಕ್ಕದ ಗೋಡೆಗೆ ಹಸಿರು ಬಣ್ಣ ಬಳಿದಿದ್ದೀರಿ. ಎರಡು ಬಣ್ಣದ ಬೆಳಕು ಬೆರೆತರೆ ಒಂದೇ ವೈಟ್ ಬ್ಯಾಲೆನ್ಸ್ ಎರಡನ್ನೂ ಸರಿಮಾಡಲಾರದು. ಐಎಸ್‌ಒ 100, ಎಫ್/8, 1/125ಕ್ಕೆ ಕ್ಯಾಮೆರಾ ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಕ್ಲಿಕ್ ಮಾಡಿ. ಫ್ರೇಮ್ ಪೂರ್ತಿ ಕಪ್ಪಾಗಿದ್ದರೆ ಕೋಣೆಯ ಬೆಳಕು ಫೋಟೋಗೆ ಸೇರುತ್ತಿಲ್ಲ. ಅದಾದ ಮೇಲೂ ಬಣ್ಣ ಉಳಿದರೆ ಗೋಡೆಯದೇ ಕೆಲಸ, ಬಿಳಿ ಬೆಡ್‌ಶೀಟ್ ಇಳಿಬಿಡಿ.

ಚರ್ಮ

ಹೆಚ್ಚು ಫೋಟೋ ಹಾಳಾಗುವುದು ಇಲ್ಲಿ, ಅದಕ್ಕೆ ನಮ್ಮ ಅಭಿರುಚಿಯೂ ಕಾರಣ. "ಸ್ವಲ್ಪ ಬೆಳ್ಳಗೆ ಮಾಡಿ" ಅನ್ನುವುದು ನಮ್ಮಲ್ಲಿ ಮಾಮೂಲು ಬೇಡಿಕೆ. ಎಕ್ಸ್‌ಪೋಷರ್ ಎತ್ತಿದರೆ ಕಪ್ಪು ಮೈಬಣ್ಣದ ಕೆಂಪು, ಕಂದು ತೊಳೆದುಹೋಗಿ ಬೂದಿ ಬಳಿದಂತಾಗುತ್ತದೆ. ಆರೆಂಜ್‌ನ ಲ್ಯೂಮಿನನ್ಸ್ (ಆ ಬಣ್ಣದ ಹೊಳಪಿನ ಸ್ಲೈಡರ್) ಎಳೆದರೂ ಅದೇ ಗತಿ. ಕಪ್ಪು ಚರ್ಮದ ಚೆಲುವಿರುವುದು ಅದರ ಮೇಲಿನ ಹೊಳಪಿನಲ್ಲಿ. ದೊಡ್ಡ ದೀಪ ಪಕ್ಕದಲ್ಲಿದ್ದರೆ ಆ ಹೊಳಪು ಕೆನ್ನೆಯುದ್ದ ಹರಡಿ ಆಕಾರ ತೋರಿಸುತ್ತದೆ. ಸಣ್ಣ ದೀಪವಾದರೆ ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ 255, ಅಂದರೆ ಅಚ್ಚ ಬಿಳಿಯ ಅಂಕಿ, ಮುಟ್ಟಿತೋ, ಜೆಪೆಗ್‌ನಲ್ಲಿ ಮರಳಿ ತರಲು ಬಣ್ಣವೇ ಉಳಿದಿರುವುದಿಲ್ಲ. ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲಿನಲ್ಲಿ ಕೊಂಚ ಅವಕಾಶವಿದೆ. ಟಿಶ್ಯೂ ಪೇಪರಿನಿಂದ ಒತ್ತಿ ಬೆವರು ತೆಗೆಯುವುದು ಇವೆರಡಕ್ಕಿಂತ ಸುಲಭ.

ರಿಟಚಿಂಗ್‌ಗೆ ನನ್ನ ಕ್ರಮ ಹೀಗೆ. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಕ್ರಾಪ್ ಮೊದಲು. ಇಷ್ಟಕ್ಕೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಸಾಕು, ಎರಡೂ ಉಚಿತ. ಆಮೇಲೆ ಹೀಲಿಂಗ್ ಬ್ರಷ್: ನಾಳೆ ಹೋಗುವ ಮೊಡವೆ ತೆಗೆಯಬಹುದು, ಹುಟ್ಟಿನಿಂದ ಬಂದ ಮಚ್ಚೆಯನ್ನು ಕೇಳದೆ ಮುಟ್ಟಬಾರದು. ಚರ್ಮ ನಯ ಮಾಡಲು ಎಲ್ಲರೂ ಫ್ರೀಕ್ವೆನ್ಸಿ ಸೆಪರೇಷನ್ ಹೇಳಿಕೊಡುತ್ತಾರೆ. ರಂಧ್ರದ ವಿವರ ಒಂದು ಲೇಯರ್, ಬಣ್ಣದ ಏರಿಳಿತ ಇನ್ನೊಂದು ಲೇಯರ್. ಒಳ್ಳೆಯ ಉಪಾಯವೇ, ಆದರೆ ಕೆಳಗಿನ ಬಣ್ಣದ ಲೇಯರಿನಲ್ಲಿ ಬ್ಲರ್ ಸ್ವಲ್ಪ ಹೆಚ್ಚಾದರೂ ಮುಖ ಪ್ಲಾಸ್ಟಿಕ್. ಕಲಿಯುವ ಹಂತದಲ್ಲಿ ನಾನು ಡಾಜ್ ಮತ್ತು ಬರ್ನ್ (ಬೇಕಾದ ಕಡೆ ಬೆಳಗಿಸುವುದು, ಕಪ್ಪಾಗಿಸುವುದು) ಕಡೆಗೇ ವಾಲುತ್ತೇನೆ: 50% ಬೂದಿ ತುಂಬಿದ ಲೇಯರ್, ಬ್ಲೆಂಡಿಂಗ್ ಸಾಫ್ಟ್ ಲೈಟ್, ಫ್ಲೋ (ಬ್ರಷ್‌ನಿಂದ ಬಣ್ಣ ಹರಿಯುವ ಪ್ರಮಾಣ) ಎರಡು ಮೂರು ಪರ್ಸೆಂಟ್, ಮೃದು ಬ್ರಷ್‌ನಲ್ಲಿ ಬಿಳಿ ಅಥವಾ ಕಪ್ಪು. ನಿಧಾನದ ಕೆಲಸ, ಬೇಜಾರೂ ಹೌದು. ಆದರೆ ಕೆನ್ನೆಯ ಮೂಳೆ ಎಲ್ಲಿ ತಿರುಗುತ್ತದೆ ಅಂತ ಕೈಗೆ ಗೊತ್ತಾಗುವುದು ಇದರಿಂದಲೇ, ಮುಂದಿನ ಸಲ ಲೈಟ್ ಇಡುವಾಗ ಅದು ಉಪಯೋಗಕ್ಕೆ ಬರುತ್ತದೆ. 100% ಝೂಮ್‌ನಲ್ಲಿ ತಿದ್ದಿ, ಪೂರ್ತಿ ಫ್ರೇಮ್‌ಗೆ ಬಂದು ನೋಡಿ. ಕಣ್ಣಿನ ಬಿಳಿಯನ್ನು ಸುಣ್ಣದಷ್ಟು ಬೆಳಗಿಸಬೇಡಿ.

ಎಕ್ಸ್‌ಪೋರ್ಟ್ ಮಾಡುವಾಗ ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿಯಲ್ಲಿ ಬಿಟ್ಟ ಫೈಲನ್ನು ಬಣ್ಣದ ಪ್ರೊಫೈಲ್ ಓದದ ಆ್ಯಪ್‌ನಲ್ಲಿ ತೆರೆದರೆ, ಅಷ್ಟು ಹೊತ್ತು ಕಾಪಾಡಿದ ಮೈಬಣ್ಣ ಸಪ್ಪೆಯಾಗಿರುತ್ತದೆ.